ಅಗ್ರ ವೇಷನ್: ಹೆಸರಿನೊಳಗಿನ ಆಟ
ಅಗ್ರ ವೇಷನ್ ಅನ್ನೋ ಜೀರುಂಡೆಯ ಹೆಸರಿಗೂ ಆಗ್ರಾ ಊರಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಏನೂ ಇಲ್ಲ. ಇವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನ ಹುಳಗಳು, ನೆಲಜೀರುಂಡೆಗಳ ಕುಟುಂಬಕ್ಕೇ ಸೇರಿದ್ದರೂ ಬದುಕುವುದು ಮರದ ಮೇಲೆ. ಅಗ್ರ ಅನ್ನೋದು ಕುಲದ, ಅಂದ್ರೆ ಹತ್ತಿರದ ಜಾತಿಗಳ ಗುಂಪಿನ ಹೆಸರು, 1801ರಲ್ಲೇ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಶಿಯಸ್ ಇಟ್ಟದ್ದು. ಅದರ ಮುಂದೆ ‘ವೇಷನ್’ ಅಂತ ಜಾತಿಯ ಹೆಸರು ಸೇರಿಸಿ ಆಟ ಆಡಿದವರು ಅಮೆರಿಕದ ಕೀಟತಜ್ಞ ಟೆರ್ರಿ ಅರ್ವಿನ್. ಎರಡೂ ಪದ ಕೂಡಿಸಿ ಜೋರಾಗಿ ಓದಿ ನೋಡಿ, ಇಂಗ್ಲಿಷಿನ ‘ಅಗ್ರವೇಷನ್’ ಆಗುತ್ತದೆ, ಅಂದ್ರೆ ಕಿರಿಕಿರಿ! ಅಗ್ರ ಫೋಬಿಯಾ ಕೂಡ ಅವರದ್ದೇ, ಅದು ಬಯಲು ಕಂಡರೆ ಹೆದರುವ ‘ಅಗೊರಫೋಬಿಯಾ’ದ ಮೇಲಿನ ಆಟ. ನನಗೆ ಜಾಸ್ತಿ ಇಷ್ಟ ಅಗ್ರ ಶ್ವಾರ್ಜ್‌ನೆಗರಿ. 2002ರಲ್ಲಿ ಕೋಸ್ಟರಿಕಾದ ಈ ಹುಳಕ್ಕೆ ನಟ ಶ್ವಾರ್ಜ್‌ನೆಗರ್ ಹೆಸರಿಟ್ಟದ್ದು ಸುಮ್ನೆ ಅಲ್ಲ, ಗಂಡು ಹುಳದ ನಡುಗಾಲಿನ ತೊಡೆ ಅವರ ತೋಳಿನ ಹಾಗೇ ಉಬ್ಬಿಕೊಂಡಿರುತ್ತದೆ.