ಮುಲಾಮಿಗೆ ಒಂದು ಗಂಟೆ ಕೊಡಿ

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ಹುಟ್ಟು ಹೃದಯದೋಷ. ಅತ್ತರೆ ತುಟಿ ನೀಲಿಯಾಗುತ್ತದೆ. ಬೆಂಗಳೂರಿನಲ್ಲಿ ಕ್ಯಾಥ್ ಪರೀಕ್ಷೆ (ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆ ತೂರಿಸಿ ನೋಡುವುದು) ಇದೆ. ಕಳೆದ ಸಲ ಮರಗಟ್ಟಿಸುವ ಮುಲಾಮು ಹಚ್ಚಿದರೂ ಸೂಜಿಗೆ ಚೀರಾಡಿದ. ಆ ಮುಲಾಮು ಬರೀ ಮೋಸವೇ?
– ತಾಯಿ, ಶ್ರೀನಿವಾಸಪುರ

ಉತ್ತರ: ಎಷ್ಟು ಹೊತ್ತು ಮೊದಲು ಹಚ್ಚಿದಿರಿ ಎಂಬುದನ್ನೇ ಬರೆದಿಲ್ಲವಲ್ಲಮ್ಮ! ಕೋಲಾರ ಜಿಲ್ಲೆಯಿಂದ ನನಗೆ ಬರುವ ಇಂಥ ಪತ್ರಗಳೆಲ್ಲದರಲ್ಲೂ ಬಿಟ್ಟುಹೋಗುವುದು ಇದೊಂದೇ ಸಂಗತಿ. ಲಿಡೊಕೇನ್, ಪ್ರಿಲೊಕೇನ್ ಎಂಬ ಮರಗಟ್ಟಿಸುವ ಔಷಧಗಳು ಬೆರೆತ ಈ ಮುಲಾಮು ಚರ್ಮಕ್ಕೆ ಇಳಿಯಲು ಕನಿಷ್ಠ 60 ನಿಮಿಷ ಬೇಕು. ತಿಕ್ಕಬಾರದು, ದಪ್ಪಗೆ ಇಟ್ಟು ಮೇಲೆ ಪಾರದರ್ಶಕ ಪಟ್ಟಿ ಅಂಟಿಸಬೇಕು. ಒಂದು ಕಡೆ ನರ (ರಕ್ತನಾಳ) ಸಿಗದಿದ್ದರೆ ಇರಲಿ ಎಂದು ಎರಡು ಕಡೆ ಹಚ್ಚಿಸಿ. ಪಟ್ಟಿ ತೆಗೆದಾಗ ಚರ್ಮ ಬಿಳಿಚಿ, ನರ ಕುಗ್ಗಿರುತ್ತದೆ. ಒರೆಸಿ ಕೆಲವು ನಿಮಿಷ ಬಿಟ್ಟರೆ ಸರಿಹೋಗುತ್ತದೆ. ಅಷ್ಟಕ್ಕೂ ಕಾಯದೆ ಚುಚ್ಚಿ, ನರ ಸಿಗಲಿಲ್ಲವೆಂದು ಮತ್ತೆ ಮತ್ತೆ ಚುಚ್ಚುವ ಸಿಬ್ಬಂದಿಯ ಮೇಲೆ ನನಗೆ ನಿಮಗಿಂತ ಹೆಚ್ಚು ಕೋಪವಿದೆ.

ಹಾಗೆಂದು ಔಷಧದಂಗಡಿಯಿಂದ ತಂದು ನೀವೇ ಬಳಿಯಬೇಡಿ. ಪ್ರಿಲೊಕೇನ್ ಅತಿಯಾದರೆ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯೇ ಕುಗ್ಗುತ್ತದೆ. ಮೊದಲೇ ನೀಲಿಗಟ್ಟುವ ಮಗುವಿಗೆ ಅದು ಅಪಾಯ. ಪ್ರಮಾಣವನ್ನು ವೈದ್ಯರು ಹೇಳಲಿ.

ತೊಡೆಯ ಸಂದಿಯಲ್ಲಿ ಕೊಳವೆ ತೂರಿಸುವಾಗ ಇಷ್ಟು ಚಿಕ್ಕ ಮಗುವಿಗೆ ಸಾಮಾನ್ಯವಾಗಿ ಔಷಧ ಕೊಟ್ಟು ನಿದ್ದೆ ಬರಿಸಿರುತ್ತಾರೆ. ಅವನಿಗೆ ನೆನಪುಳಿಯುವುದು ಅದಕ್ಕೂ ಮೊದಲು ಕೈಗೆ ಚುಚ್ಚುವ ಸೂಜಿ. ನಾಲ್ಕು ಜನ ಅದುಮಿ ಹಿಡಿಯಲು ಬಿಡಬೇಡಿ. ನಿಮ್ಮ ತೊಡೆಯ ಮೇಲೆ, ಎದೆಗೆ ಎದೆ ತಾಗುವಂತೆ ಕೂರಿಸಿ ತಬ್ಬಿಕೊಳ್ಳಿ. ಒಂದು ಕೈ ಮಾತ್ರ ಹೊರಗಿರಲಿ, ನಿಮ್ಮ ಬೆನ್ನ ಹಿಂದೆ ಯಾರಾದರೂ ಸಾಬೂನು ಗುಳ್ಳೆ ಊದಲಿ. ಇದು ಮುದ್ದು ಮಾಡುವ ಮಾತಲ್ಲ. ಅತ್ತು ಅತ್ತು ಇಂಥ ಮಕ್ಕಳ ಶ್ವಾಸಕೋಶಕ್ಕೆ ರಕ್ತ ಹರಿಯುವುದು ಥಟ್ಟನೆ ತಗ್ಗಬಹುದು. ಮೈ ನೀಲಿಗಟ್ಟಿದರೆ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು ತಕ್ಷಣ ವೈದ್ಯರನ್ನು ಕೂಗಿ.

ಇನ್ನೊಂದು ಮಾತು. ನಸುಕಿಗೇ ಬಸ್ ಹಿಡಿಯುವವರು ರಾತ್ರಿಯಿಂದಲೇ ಮಗುವಿಗೆ ನೀರನ್ನೂ ಕೊಡದೆ ಕರೆತರುತ್ತಾರೆ. ನೀಲಿ ಮಕ್ಕಳ ರಕ್ತ ಮೊದಲೇ ದಪ್ಪ. ಬಾಯಾರಿದರೆ ಅದು ಇನ್ನೂ ಮಂದವಾಗುತ್ತದೆ, ನರವೂ ಸಿಗುವುದಿಲ್ಲ. ಸಾಮಾನ್ಯವಾಗಿ ಅರಿವಳಿಕೆ ಕೊಡುವುದಕ್ಕೆ 6 ಗಂಟೆ ಮೊದಲು ಊಟ, 2 ಗಂಟೆ ಮೊದಲು ತಿಳಿನೀರು ನಿಲ್ಲಿಸಿದರೆ ಸಾಕು. ಅರಿವಳಿಕೆ ತಜ್ಞರಿಂದ ಸಮಯವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ‘ನೋವಾಗುವುದಿಲ್ಲ’ ಎಂದು ನಂಬಿಸಿ ಕರೆದೊಯ್ಯಲೇ?
ಉತ್ತರ: ಬೇಡ. ಮುಂದಿನ ಸಲ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ.

ಪ್ರಶ್ನೆ: ಎರಡು ತಿಂಗಳ ಕೂಸಿಗೆ ಸೂಜಿಗೆ ಮೊದಲು ಜೇನುತುಪ್ಪ ನೆಕ್ಕಿಸಬಹುದೇ?
ಉತ್ತರ: ವರ್ಷ ತುಂಬುವವರೆಗೆ ಜೇನು ಕೂಡದು. ಸಕ್ಕರೆ ದ್ರಾವಣದ ಹನಿಗಳನ್ನು ಆಸ್ಪತ್ರೆಯವರೇ ಕೊಡಲಿ.

ಪ್ರಶ್ನೆ: ಹೊರಡುವ ಮುಂಚೆ ನಿದ್ದೆ ಬರಿಸುವ ಕೆಮ್ಮಿನ ಸಿರಪ್?
ಉತ್ತರ: ಖಂಡಿತ ಬೇಡ. ಉಸಿರಾಟವೇ ಕುಗ್ಗಬಹುದು.

ಪ್ರಶ್ನೆ: ಸೂಜಿಯ ಗೊಡವೆಯೇ ಬೇಡ, ಬರೆ ಹಾಕಿಸಿದರೆ ಎದೆಯ ರಂಧ್ರ ಮುಚ್ಚುತ್ತದೆ ಎನ್ನುತ್ತಾರಲ್ಲ?
ಉತ್ತರ: ಕಾದ ಬಳೆಯಿಂದ ಕೂಸನ್ನು ಸುಡುವವನು ವೈದ್ಯನಲ್ಲ, ಅಪರಾಧಿ. ಆ ಗಾಯದ ಸೋಂಕು ಹೃದಯಕ್ಕೇ ಇಳಿಯಬಹುದು. ಅಂಗನವಾಡಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿ. ಹೃದಯದ ಶಸ್ತ್ರಚಿಕಿತ್ಸೆಯೂ ಆ ಯೋಜನೆಯಲ್ಲಿ ಉಚಿತ.