ದುಬೈಗೆ ಮೊದಲ ಸಲ: ಎಲ್ಲಿ ಕೈಬಿಚ್ಚಿ ಖರ್ಚು ಮಾಡಬೇಕು, ಎಲ್ಲಿ ಬೇಡ?

ಈ ಸಲ ಬಂದ ಪತ್ರಗಳಲ್ಲಿ ದುಬೈ ಬಗ್ಗೆಯೇ ಜಾಸ್ತಿ. ಅದರಲ್ಲೂ ಒಂದು ಪತ್ರ ನನಗೆ ತುಂಬಾ ಹಿಡಿಸಿತು. ಅದಕ್ಕೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಬರುವ ಡಿಸೆಂಬರ್‌ಗೆ ನಮ್ಮ ಮದುವೆಯಾಗಿ 25 ವರ್ಷ. ನಾನು, ನನ್ನ ಹೆಂಡತಿ, ನನ್ನ ತಾಯಿ ಮೂವರೂ ಮೊದಲ ಸಲ ದುಬೈಗೆ ಹೊರಟಿದ್ದೇವೆ. ಐದು ರಾತ್ರಿ ಇರುತ್ತೇವೆ. ತಾಯಿಗೆ 70 ವರ್ಷ, ಮಂಡಿ ನೋವಿದೆ. ಈ ಒಂದು ಸಲ ಹಣಕ್ಕೆ ಹಿಂದೆಮುಂದೆ ನೋಡಬಾರದು ಅಂತ ಕೂಡಿಟ್ಟಿದ್ದೇವೆ. ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಬುರ್ಜ್ ಖಲೀಫಾ, ಡೆಸರ್ಟ್ ಸಫಾರಿ, ಯಾಟ್, ಹೆಲಿಕಾಪ್ಟರ್, ಲಿಮೋಸಿನ್, ಅಬುಧಾಬಿ ಎಲ್ಲ ಸೇರಿ 14 ಐಟಂ ಇವೆ. ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ? (ದಾವಣಗೆರೆಯಿಂದ ಒಬ್ಬ ಓದುಗರು)

ಉತ್ತರ: ಮೊದಲು ನಿಮ್ಮಿಬ್ಬರಿಗೂ ಅಭಿನಂದನೆ. ತಾಯಿಯನ್ನೂ ಕರೆದುಕೊಂಡು ಹೋಗುತ್ತಿದ್ದೀರಲ್ಲ, ಅದು ನನಗೆ ಇನ್ನೂ ಖುಷಿ ಕೊಟ್ಟಿತು.

ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಐದು ರಾತ್ರಿ ಅಂದರೆ ಕೈಗೆ ಸಿಗುವುದು ನಾಲ್ಕು ಪೂರ್ತಿ ದಿನ. ದಿನಕ್ಕೆ ಒಂದೇ ಒಂದು ದೊಡ್ಡ ಅನುಭವ ಇಟ್ಟುಕೊಳ್ಳಿ. ಅದನ್ನು ಸರಿಯಾದ ಹೊತ್ತಿಗೆ, ಆತುರವಿಲ್ಲದೆ, ಜನಜಂಗುಳಿ ಇಲ್ಲದ ಕಡೆ ಅನುಭವಿಸಿ. ದುಬೈನಲ್ಲಿ ಹಣ ಕೊಟ್ಟು ಕೊಳ್ಳಬೇಕಾದದ್ದು ಈ ಬಿಡುವನ್ನೇ. ದಿನಕ್ಕೆ ಮೂರು ಐಟಂ ತುಂಬಿದರೆ ಶೇಖ್ ಜಾಯೆದ್ ರಸ್ತೆಯ ಸಂಜೆ ಟ್ರಾಫಿಕ್ಕಲ್ಲೇ ಅರ್ಧ ರಜೆ ಕಳೆದುಹೋಗುತ್ತದೆ.

ನನ್ನನ್ನು ಕೇಳಿದರೆ ಅತಿ ಹೆಚ್ಚು ಹಣ ಹಾಕಬೇಕಾದದ್ದು ಮರುಭೂಮಿಗೆ. ಆದರೆ ಪಟ್ಟಿಯಲ್ಲಿರುವ ಡೆಸರ್ಟ್ ಸಫಾರಿಗಲ್ಲ. ಸಾಮಾನ್ಯ ಸಫಾರಿ ಹೇಗಿರುತ್ತದೆ ಅಂದರೆ, ಮಧ್ಯಾಹ್ನ ಮೂರರ ಹೊತ್ತಿಗೆ ದೊಡ್ಡ ಜೀಪು ಬರುತ್ತದೆ. ಮರಳು ದಿಬ್ಬಗಳ ಮೇಲೆ ಹತ್ತಿಸಿ ಇಳಿಸಿ ಅರ್ಧ ಗಂಟೆ ಕುಲುಕುತ್ತಾರೆ. ಆಮೇಲೆ ನೂರಾರು ಜನ ಸೇರುವ ಕ್ಯಾಂಪು, ಬಫೆ, ಜೋರು ಸಂಗೀತ. ಹುಡುಗರಿಗೆ ಅದು ಇಷ್ಟವಾಗುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ನಾನು ಅತ್ತೆಯವರನ್ನು ಹೊಟ್ಟೆ ತುಂಬ ಊಟ ಮಾಡಿಸಿ ಅದೇ ಜೀಪು ಹತ್ತಿಸಿದ್ದೆ. ಹತ್ತೇ ನಿಮಿಷಕ್ಕೆ ಅವರಿಗೆ ವಾಂತಿ ಶುರುವಾಯಿತು, ಬೆನ್ನೂ ಹಿಡಿದುಕೊಂಡಿತು. ಆ ಸಂಜೆ ಅವರು ಕ್ಯಾಂಪಿನಲ್ಲಿ ಸುಮ್ಮನೆ ಮಲಗಿಯೇ ಕಳೆದರು. ಮಂಡಿ ನೋವಿರುವ ನಿಮ್ಮ ತಾಯಿಗೆ ಇದು ಬೇಡವೇ ಬೇಡ.

ಇದರ ಬದಲು ದುಬೈ ಡೆಸರ್ಟ್ ಕನ್ಸರ್ವೇಶನ್ ರಿಸರ್ವ್ ಒಳಗೆ ಹೋಗುವ ಸಫಾರಿ ಕೇಳಿ. ಸುಮಾರು 225 ಚದರ ಕಿಲೋಮೀಟರ್‌ನ ಸಂರಕ್ಷಿತ ಮರುಭೂಮಿ ಅದು. ಅನುಮತಿ ಇರುವ ಕೆಲವೇ ಕಂಪನಿಗಳಿಗೆ ಮಾತ್ರ ಒಳಗೆ ಪ್ರವೇಶ. ಅಲ್ಲಿ ಅರೇಬಿಯನ್ ಓರಿಕ್ಸ್ ಅನ್ನುವ ಜಿಂಕೆಯಂಥ ಪ್ರಾಣಿ ಇದೆ. ಬಿಳಿ ಮೈ, ಈಟಿಯಂಥ ನೆಟ್ಟನೆ ಕೊಂಬು. 1972ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಸಾಕಿ ಬೆಳೆಸಿ ಮತ್ತೆ ಮರಳಿಗೆ ಬಿಟ್ಟ ಸಂತತಿ ಇದು. ಕೆಲವರು 1950ರ ದಶಕದ ತೆರೆದ ಲ್ಯಾಂಡ್ ರೋವರ್‌ಗಳಲ್ಲಿ ನಿಧಾನವಾಗಿ ಸುತ್ತಿಸುತ್ತಾರೆ, ಗಿಡುಗ ಹಾರಿಸಿ ತೋರಿಸುತ್ತಾರೆ. ಸೂರ್ಯ ಇಳಿಯುವಾಗ ಅಲ್ಲಿರುವ ಮೌನವನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಿಮ್ಮ 25ನೇ ವರ್ಷದ ಸಂಭ್ರಮಕ್ಕೆ ಒಂದೇ ಒಂದು ದುಬಾರಿ ರಾತ್ರಿ ಆರಿಸಿ ಅಂದರೆ ನಾನು ಇದೇ ರಿಸರ್ವ್ ಒಳಗಿನ ಅಲ್ ಮಹಾ ರೆಸಾರ್ಟ್ ಅನ್ನೇ ಹೇಳುತ್ತೇನೆ. 1999ರಿಂದ ಇರುವ ಜಾಗ. ಪ್ರತಿ ಮನೆಗೂ ಅದರದ್ದೇ ಪುಟ್ಟ ಈಜುಕೊಳ ಇದೆ. ಓರಿಕ್ಸ್‌ಗಳು ಜಗಲಿಯ ಹತ್ತಿರವೇ ಬಂದು ನೀರು ಕುಡಿಯುತ್ತವೆ. ತಾಯಿ ಕುರ್ಚಿಯಲ್ಲಿ ಕೂತೇ ಎಲ್ಲ ನೋಡಬಹುದು. ಬೆಲೆ ನೋಡಿ ಗಾಬರಿಯಾಗಬೇಡಿ. ಊಟ ಮತ್ತು ಮರುಭೂಮಿಯ ಚಟುವಟಿಕೆಗಳು ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತವೆ. ಏನೇನು ಸೇರಿದೆ ಅಂತ ಬುಕ್ ಮಾಡುವಾಗ ಬರೆಸಿಕೊಳ್ಳಿ. ಉಳಿದ ನಾಲ್ಕು ರಾತ್ರಿ ನಗರದಲ್ಲಿ ಸಾಧಾರಣ ಒಳ್ಳೆಯ ಹೋಟೆಲ್ ಸಾಕು.

ಬಿಸಿಗಾಳಿ ಬಲೂನು ಹತ್ತುವ ಆಸೆ ಇದ್ದರೆ ಡಿಸೆಂಬರ್ ಸರಿಯಾದ ಕಾಲ. ಆದರೆ ನಸುಕಿಗೂ ಮುಂಚೆ ಎದ್ದು ಹೊರಡಬೇಕು, ಎತ್ತರದ ಬುಟ್ಟಿ ಹತ್ತಿಳಿಯಬೇಕು, ಪೂರ್ತಿ ಹೊತ್ತು ನಿಂತಿರಬೇಕು, ಇಳಿಯುವಾಗ ಕುಲುಕುತ್ತದೆ. ನೀವಿಬ್ಬರೇ ಹೋಗಿ, ತಾಯಿ ಅಂದು ಮಲಗಿರಲಿ.

ಬುರ್ಜ್ ಖಲೀಫಾ ಬಿಡಬೇಡಿ. 2010ರಲ್ಲಿ ತೆರೆದ, 828 ಮೀಟರ್ ಎತ್ತರದ ಕಟ್ಟಡ. ಅದರ ಎತ್ತರ ಎಷ್ಟು ಗೊತ್ತಾ? ಕೆಳಗೆ ಸೂರ್ಯ ಮುಳುಗಿದ ಮೇಲೂ ಮೇಲಿನವರಿಗೆ ಕಾಣುತ್ತಿರುತ್ತದೆ. ಹಾಗಾಗಿ ರಂಜಾನ್‌ನಲ್ಲಿ 80ನೇ ಮಹಡಿಗಿಂತ ಮೇಲಿರುವವರು ಎರಡು ನಿಮಿಷ, 150ಕ್ಕಿಂತ ಮೇಲಿರುವವರು ಮೂರು ನಿಮಿಷ ತಡವಾಗಿ ಉಪವಾಸ ಬಿಡಬೇಕು ಅಂತ ಅಲ್ಲಿನ ಧರ್ಮಗುರುಗಳು 2011ರಲ್ಲಿ ಹೇಳಿದ್ದರು. ಸಾಮಾನ್ಯ ಟಿಕೆಟ್‌ನಲ್ಲಿ 124 ಮತ್ತು 125ನೇ ಮಹಡಿ ಸಿಗುತ್ತದೆ, ಜಾಸ್ತಿ ಕೊಟ್ಟರೆ 148. ಕಾಣುವ ನೋಟದಲ್ಲಿ ಅಂಥ ವ್ಯತ್ಯಾಸ ಇಲ್ಲ. ಜಾಸ್ತಿ ಕೊಡುವುದು ಉದ್ದ ಸಾಲು ತಪ್ಪಿಸಲು, ಕೂರಲು ಜಾಗ ಸಿಗಲು. ತಾಯಿ ಜೊತೆಗಿರುವುದರಿಂದ ನೀವು ಕೊಡಿ, ಸಾರ್ಥಕ. ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನ ಸಮಯ ಸಿಕ್ಕರೆ ಹಗಲು, ಸಂಜೆ, ದೀಪ ಮೂರೂ ಕಾಣುತ್ತದೆ. ಬೆಳಗಿನ ಟಿಕೆಟ್ ಅಗ್ಗ, ಆದರೆ ಚಳಿಗಾಲದಲ್ಲಿ ಒಮ್ಮೊಮ್ಮೆ ಮಂಜು ಮುಸುಕಿ ಏನೂ ಕಾಣುವುದಿಲ್ಲ. ಇನ್ನೊಂದು ಮಾತು: ಮೆಟ್ರೋ ಇಳಿದು ದುಬೈ ಮಾಲ್ ತಲುಪುವ ಸೇತುವೆಯೇ ಸುಮಾರು 800 ಮೀಟರ್ ಉದ್ದ ಇದೆ. ಅಂದು ಟ್ಯಾಕ್ಸಿಯಲ್ಲೇ ಹೋಗಿ.

ಹೆಲಿಕಾಪ್ಟರ್ ತೆಗೆದುಹಾಕಿ. ಈಚಲು ಮರದ ಆಕಾರದ ಪಾಮ್ ಜುಮೇರಾ ದ್ವೀಪವನ್ನು ಮೇಲಿನಿಂದ ನೋಡುವುದೇ ಅದರ ಮುಖ್ಯ ಆಕರ್ಷಣೆ ಅಲ್ವಾ? ಅದೇ ದ್ವೀಪದ ಮೇಲೆ 240 ಮೀಟರ್ ಎತ್ತರದಲ್ಲಿ ದಿ ವ್ಯೂ ಅನ್ನುವ ವೀಕ್ಷಣಾ ಮಹಡಿ ಇದೆ. ಹೆಲಿಕಾಪ್ಟರ್ ಬೆಲೆಗೆ ಹೋಲಿಸಿದರೆ ತೀರಾ ಕಡಿಮೆ ಹಣಕ್ಕೆ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಲಿಮೋಸಿನ್ ಕೂಡ ಬೇಡ. ಯಾಟ್ (ಐಷಾರಾಮಿ ದೋಣಿ) ಬೇಕಿದ್ದರೆ ದೋಣಿಗಳು ನಿಲ್ಲುವ ಮರೀನಾದಿಂದ ನಿಮ್ಮ ಮೂವರಿಗೇ ಎರಡು ಗಂಟೆ ಹಿಡಿಯಿರಿ. ಬೆಲೆ ದೋಣಿಗೋ ತಲೆಗೋ, ಹತ್ತುವ ಮೆಟ್ಟಿಲು ಹೇಗಿದೆ, ಎರಡನ್ನೂ ಮೊದಲೇ ಕೇಳಿ.

ಅಬುಧಾಬಿಗೆ ಪೂರ್ತಿ ಒಂದು ದಿನ ಕೊಡಿ, ನಿಮ್ಮ ಮೂವರಿಗೇ ಒಂದು ಬಾಡಿಗೆ ಕಾರು ಮಾಡಿಕೊಳ್ಳಿ. ಒಂದೂವರೆ ಗಂಟೆ ದಾರಿ. ಹೋಗುವಾಗ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಸ್ವಾಮಿನಾರಾಯಣ ಮಂದಿರ, ಸಂಜೆ ಶೇಖ್ ಜಾಯೆದ್ ಮಸೀದಿ. ಎರಡಕ್ಕೂ ಹೋಗುವ ಮೊದಲು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ. ಮೈ ಮುಚ್ಚುವ ಬಟ್ಟೆ ಇರಲಿ, ಮಸೀದಿಯಲ್ಲಿ ಹೆಂಗಸರು ತಲೆಯನ್ನೂ ಮುಚ್ಚಿಕೊಳ್ಳಬೇಕು.

ನಾಲ್ಕನೆಯ ದಿನಕ್ಕೆ ನಿಮ್ಮ ಏಜೆಂಟ್ ಪಟ್ಟಿಯಲ್ಲಿಲ್ಲದ ಒಂದನ್ನು ಹೇಳುತ್ತೇನೆ: ಹಳೆಯ ದುಬೈ. ಅಲ್ ಫಹಿದಿ ಬೀದಿಗಳಲ್ಲಿ ಬೆಳಿಗ್ಗೆ ನಡೆಯಿರಿ. ಮನೆಗಳ ಮೇಲೆ ಚೌಕದ ಗೋಪುರ ಕಾಣುತ್ತದೆ, ಅವುಗಳಿಗೆ ಬರ್ಜೀಲ್ ಅನ್ನುತ್ತಾರೆ. ನಾಲ್ಕು ದಿಕ್ಕಿನ ಗಾಳಿಯನ್ನೂ ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಉಪಾಯ. ಕರೆಂಟ್ ಬರುವ ಮುಂಚೆ ಈ ಬಿಸಿಲನ್ನು ಜನ ಹೀಗೆ ತಡೆದುಕೊಂಡಿದ್ದರು. ಅಲ್ಲೇ ಇರುವ ಶೇಖ್ ಮೊಹಮ್ಮದ್ ಸಾಂಸ್ಕೃತಿಕ ಕೇಂದ್ರದಲ್ಲಿ ಎಮಿರಾತಿ ಊಟಕ್ಕೆ ಮೊದಲೇ ಹೆಸರು ಕೊಡಿ. ಅಲ್ಲಿಯವರೇ ಜೊತೆಗೆ ಕೂತು ಮಾತಾಡುತ್ತಾರೆ, ಮದುವೆ, ಉಡುಪು, ಧರ್ಮ ಏನು ಬೇಕಾದರೂ ಕೇಳಬಹುದು. ನೆಲದ ಮೇಲೆ ಕೂರುವ ಪದ್ಧತಿ, ತಾಯಿಗೆ ಕುರ್ಚಿ ಬೇಕು, ಸಸ್ಯಾಹಾರ ಬೇಕು ಅಂತ ಮೊದಲೇ ತಿಳಿಸಿ. ಆಮೇಲೆ ಕ್ರೀಕ್ (ಊರಿನೊಳಗೆ ಚಾಚಿರುವ ಸಮುದ್ರದ ಹಿನ್ನೀರು) ದಾಟಲು ಮರದ ಅಬ್ರಾ ದೋಣಿ ಇದೆ. ತಲೆಗೆ 1 ದಿರ್ಹಮ್ (ಅಲ್ಲಿನ ಹಣ). ನನಗಂತೂ ಆ ನಗರದಲ್ಲಿ ಅತಿ ಇಷ್ಟದ ಪ್ರಯಾಣ ಅದೇ.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ದುಬೈನ ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಒಂದು ಸಲವಾದರೂ ಊಟ ಮಾಡುವ ಆಸೆ. ನಮ್ಮಂಥವರಿಗೆ ಅಲ್ಲಿ ಏನಾದರೂ ಸಿಗುತ್ತದಾ, ಇಲ್ಲ ಸಲಾಡ್ ತಿಂದು ಬರಬೇಕಾ? (ಹುಬ್ಬಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಖಂಡಿತ ಸಿಗುತ್ತದೆ. ಅವತಾರ ಅನ್ನುವ ರೆಸ್ಟೋರೆಂಟ್ ನೋಡಿ. ಪೂರ್ತಿ ಸಸ್ಯಾಹಾರ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಇಲ್ಲದೆ ಒಂದರ ನಂತರ ಒಂದು ಪುಟ್ಟ ತಟ್ಟೆ ಬಡಿಸುವ ಊಟ. 2023ರಲ್ಲಿ ಅದಕ್ಕೆ ಒಳ್ಳೆಯ ರೆಸ್ಟೋರೆಂಟ್‌ಗಳಿಗೆ ಕೊಡುವ ಮಿಶೆಲಿನ್ ಸ್ಟಾರ್ ಗೌರವ ಬಂತು. ಇನ್ನೂ ಮೇಲೆ ಹೋಗುವುದಾದರೆ ಪಾಮ್ ಜುಮೇರಾದ ಟ್ರೆಸಿಂಡ್ ಸ್ಟುಡಿಯೋ ಇದೆ. 2025ರಲ್ಲಿ ಮೂರು ಮಿಶೆಲಿನ್ ಸ್ಟಾರ್ ಪಡೆದ ಜಗತ್ತಿನ ಮೊದಲ ಭಾರತೀಯ ರೆಸ್ಟೋರೆಂಟ್ ಅದು. ಸಸ್ಯಾಹಾರದ ಮೆನು ಕೊಡುತ್ತಾರೆ, ಈರುಳ್ಳಿ ವಿಷಯ ಬುಕ್ ಮಾಡುವಾಗಲೇ ಹೇಳಿಬಿಡಿ. ಟೇಬಲ್‌ಗಳು ತುಂಬಾ ಕಡಿಮೆ. ಹಾಗಾಗಿ ವಿಮಾನದ ಟಿಕೆಟ್ ಪಕ್ಕಾ ಆದ ದಿನವೇ ಊಟದ ಟೇಬಲ್ ಹುಡುಕಲು ಶುರು ಮಾಡಿ. ದಿನನಿತ್ಯದ ಇಡ್ಲಿ ದೋಸೆಗೆ ಕರಾಮಾ, ಬರ್ ದುಬೈ ಕಡೆ ಹೋದರೆ ಸಾಕು.

ಪ್ರಶ್ನೆ: ಜುಲೈನಲ್ಲಿ ಪಂಚತಾರಾ ಹೋಟೆಲ್‌ಗಳು ತೀರಾ ಅಗ್ಗ ಕಾಣುತ್ತಿವೆ. ಹೋಗಬಹುದಾ? (ಬೆಂಗಳೂರಿನಿಂದ ಒಬ್ಬ ಓದುಗರು)

ಉತ್ತರ: ಹೋಟೆಲ್ ಒಳಗೇ ಇರುವ ರಜೆಯಾದರೆ ಹೋಗಿ. ಹೊರಗೆ 40 ಡಿಗ್ರಿ ದಾಟಿರುತ್ತದೆ, ರಾತ್ರಿಯೂ ಮೈ ಅಂಟುತ್ತದೆ. ಮೊದಲ ಸಲ ಹೋಗುವವರಿಗೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಸರಿ. ಹೋಟೆಲ್ ಬೆಲೆ ನೋಡುವಾಗ ತೆರಿಗೆ ಸೇರಿದೆಯಾ ಕೇಳಿ. ಅದರ ಮೇಲೆ ಟೂರಿಸಂ ದಿರ್ಹಮ್ ಅಂತ ಒಂದು ಶುಲ್ಕ ಇದೆ. ಪಂಚತಾರಾದಲ್ಲಿ ಕೋಣೆಗೆ ರಾತ್ರಿಗೆ 20 ದಿರ್ಹಮ್. ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲಾ ದಿರ್ಹಮ್‌ನಲ್ಲಾ ಅಂತ ಮಷೀನ್ ಕೇಳಿದರೆ ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಸಾಮಾನ್ಯವಾಗಿ ಜಾಸ್ತಿ ಕಟ್ ಆಗುತ್ತದೆ.

ಪ್ರಶ್ನೆ: ತಂಗಿಯ ಮನೆ ದುಬೈನಲ್ಲಿದೆ. ಒಂದು ವಾರಕ್ಕೆ ಹೋಗುತ್ತಿದ್ದೇನೆ. ಮಗಳ ಮದುವೆಗೆ ಅಲ್ಲೇ ಬಂಗಾರ ತೆಗೆದುಕೊಳ್ಳುವ ಯೋಚನೆ. 40 ಗ್ರಾಂ ತನಕ ಸುಂಕ ಇಲ್ಲವಂತೆ, ನಿಜವಾ? ತಂಗಿಗೆ ಊರಿನ ಸಾಮಾನು ಏನೇನು ಒಯ್ಯಬಹುದು? (ಉಡುಪಿಯಿಂದ ಒಬ್ಬ ಓದುಗರು)

ಉತ್ತರ: ಆ 40 ಗ್ರಾಂ ರಿಯಾಯಿತಿ ಒಂದು ವರ್ಷಕ್ಕಿಂತ ಜಾಸ್ತಿ ವಿದೇಶದಲ್ಲಿ ಇದ್ದು ಬರುವ ಹೆಂಗಸರಿಗೆ. ಒಂದು ವಾರಕ್ಕೆ ಹೋಗಿ ಬರುವ ನಿಮಗೆ ಅದು ಸಿಗುವುದಿಲ್ಲ. ತುಂಬಾ ಜನ ಇದೇ ತಪ್ಪು ತಿಳಿದು ನಮ್ಮ ಏರ್‌ಪೋರ್ಟ್‌ನಲ್ಲಿ ಕಣ್ಣೀರು ಹಾಕುತ್ತಾರೆ. ಹೊರಡುವ ಮುಂಚೆ ಕಸ್ಟಮ್ಸ್‌ನ ಈಗಿನ ನಿಯಮ ನೋಡಿ, ಸುಂಕ ಸೇರಿಸಿ ಲೆಕ್ಕ ಹಾಕಿ. ಆಮೇಲೂ ಲಾಭ ಅನ್ನಿಸಿದರೆ ಮಾತ್ರ ತೆಗೆದುಕೊಳ್ಳಿ. ಬಿಲ್ ಜೋಪಾನವಾಗಿಟ್ಟು, ಬಂದಿಳಿದಾಗ ರೆಡ್ ಚಾನೆಲ್‌ನಲ್ಲಿ (ಸುಂಕದ ಸಾಮಾನು ಇರುವವರು ಹೋಗುವ ದಾರಿ) ಹೋಗಿ ಹೇಳಿಬಿಡಿ. ದೇರಾದ ಗೋಲ್ಡ್ ಸೂಕ್‌ನಲ್ಲಿ ಬಂಗಾರದ ದಿನದ ದರ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ. ಚೌಕಾಶಿ ಮಾಡಬೇಕಾದದ್ದು ಮಜೂರಿಯಲ್ಲಿ. ಪಾಸ್‌ಪೋರ್ಟ್ ತೋರಿಸಿ ವ್ಯಾಟ್ (ಖರೀದಿಯ ಮೇಲಿನ ತೆರಿಗೆ) ವಾಪಸಾತಿ ಚೀಟಿ ಕೇಳಿ. 5 ಪರ್ಸೆಂಟ್ ವ್ಯಾಟ್‌ನಲ್ಲಿ ಬಹುಪಾಲು ವಾಪಸ್ ಬರುತ್ತದೆ. ಅದನ್ನು ದುಬೈ ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಒಪ್ಪಿಸುವ ಮುಂಚೆಯೇ ಮಾಡಿಸಬೇಕು.

ಊರಿನ ಸಾಮಾನಿನಲ್ಲಿ ಹಪ್ಪಳ, ಸಂಡಿಗೆ, ಚಕ್ಕುಲಿ ಧಾರಾಳವಾಗಿ ಒಯ್ಯಿರಿ. ಗಸಗಸೆ ಮಾತ್ರ ಬೇಡ. ಅಲ್ಲಿ ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿ ನಿಷೇಧಿಸಿದ್ದಾರೆ. ಮಸಾಲೆ ಪುಡಿಗೆ ಗಸಗಸೆ ಹಾಕಿದ್ದರೆ ಅದನ್ನೂ ಮನೆಯಲ್ಲೇ ಬಿಡಿ. ವೀಳ್ಯದೆಲೆಯೂ ನಿಷೇಧದ ಪಟ್ಟಿಯಲ್ಲಿದೆ. ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಾಮಡಾಲ್‌ನಂಥ ನೋವಿನ ಮಾತ್ರೆ ಇದ್ದರೆ ಅಲ್ಲಿನ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು. ಬ್ಯಾಗ್ ತುಂಬುವಾಗ ಯಾರಾದರೂ "ಅಲ್ಲಿ ನಮ್ಮವರಿಗೆ ಇದೊಂದು ಪೊಟ್ಟಣ ಕೊಟ್ಟುಬಿಡಿ" ಅಂದರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ, ಎಷ್ಟೇ ಹತ್ತಿರದವರಾಗಿರಲಿ.