ಸ್ಕೋರ್ ಬರೆಯಲು ಕೂರಿಸಬೇಡಿ, ಆಡಿಸಿ

ಅಂಗವೈಕಲ್ಯವಿರುವ ಮಕ್ಕಳ ದೈಹಿಕ ಶಿಕ್ಷಣದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಏಳನೇ ತರಗತಿಯ 40 ಮಕ್ಕಳಲ್ಲಿ ಒಬ್ಬನಿಗೆ ಸ್ಪೈನಾ ಬೈಫಿಡಾ (ಬೆನ್ನುಮೂಳೆ, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಹುಟ್ಟುತೊಂದರೆ). ವೀಲ್‌ಚೇರ್‌ನಲ್ಲಿ ಬರುತ್ತಾನೆ. ಆಟದ ಪೀರಿಯಡ್‌ನಲ್ಲಿ ಸ್ಕೋರ್ ಬರೆಯುವ ಕೆಲಸ ಕೊಟ್ಟಿದ್ದೇನೆ. ಬಲೂನ್ ವಾಲಿಬಾಲ್ ಆಡಿಸಿ ಎಂದು ಒಬ್ಬರು ಹೇಳಿದರು. ಆಡಿಸಬಹುದೇ?
– ದೈಹಿಕ ಶಿಕ್ಷಣ ಶಿಕ್ಷಕರು

ಉತ್ತರ: ರಬ್ಬರ್ ಬಲೂನು ಬೇಡವೇ ಬೇಡ. ಸ್ಪೈನಾ ಬೈಫಿಡಾ ಇರುವ ಮಕ್ಕಳು ಹುಟ್ಟಿದಾಗಿನಿಂದ ಶಸ್ತ್ರಚಿಕಿತ್ಸೆ, ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಎಂದು ಲೇಟೆಕ್ಸ್, ಅಂದರೆ ನೈಸರ್ಗಿಕ ರಬ್ಬರ್, ಸಂಪರ್ಕದಲ್ಲೇ ಬೆಳೆದಿರುತ್ತಾರೆ. ಹಾಗಾಗಿ ಲೇಟೆಕ್ಸ್ ಅಲರ್ಜಿ ಇವರಲ್ಲಿ ಬಹಳ ಸಾಮಾನ್ಯ. ಕೆಲವರಿಗೆ ಉಸಿರು ಕಟ್ಟುವಷ್ಟು ತೀವ್ರವಾಗಿಯೂ ಬರುತ್ತದೆ. ಗಾಳಿ ತುಂಬುವ ಪ್ಲಾಸ್ಟಿಕ್ ಬೀಚ್ ಬಾಲ್ ತನ್ನಿ. ಅದೂ ನಿಧಾನವಾಗಿಯೇ ಇಳಿಯುತ್ತದೆ, ಕೈ ಎತ್ತಲು ಸಮಯ ಸಿಗುತ್ತದೆ.

ಇನ್ನು ಸ್ಕೋರ್ ಬರೆಯುವ ಕೆಲಸ. ಅದನ್ನು ಇವತ್ತೇ ನಿಲ್ಲಿಸಿ. ಉಳಿದ 39 ಮಕ್ಕಳು ಬೆವರುವಾಗ ಇವನ ಉಸಿರೂ ಏರಬೇಕು, ಭುಜ, ತೋಳು ದುಡಿಯಬೇಕು. ಯಾವುದೇ ಆಟವನ್ನು ಹೊಂದಿಸುವಾಗ ನಾಲ್ಕು ಕಡೆ ಕೈಹಾಕಬಹುದು: ಜಾಗ, ನಿಯಮ, ಸಾಮಾನು, ಜೊತೆಗಾರರು. ಆದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಆಟ ಕೆಡುತ್ತದೆ, ಏನು ಕೆಲಸ ಮಾಡಿತು ಎಂಬುದೂ ತಿಳಿಯುವುದಿಲ್ಲ. ಮುಟ್ಟಾಟವಾದರೆ ಸಾಮಾನು ಬದಲಿಸಿದರೆ ಸಾಕು: ಔಟ್ ಮಾಡುವವರ ಕೈಗೆಲ್ಲ ಒಂದು ಮೀಟರ್ ಉದ್ದದ ಮೆತ್ತನೆಯ ಫೋಮ್ ಕೋಲು ಕೊಡಿ, ಕುರ್ಚಿಯಲ್ಲಿರುವವನಿಗೂ ಎಟುಕುತ್ತದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ವೀಲ್‌ಚೇರ್ ಆಟದ ನಿಯಮವನ್ನೇ ತನ್ನಿ: ಚೆಂಡು ತೊಡೆಯ ಮೇಲಿರುವಾಗ ಚಕ್ರವನ್ನು ಎರಡು ಸಲ ತಳ್ಳಬಹುದು, ಆಮೇಲೆ ಚೆಂಡು ಪುಟಿಸಬೇಕು, ಪಾಸ್ ಮಾಡಬೇಕು ಇಲ್ಲವೇ ಬುಟ್ಟಿಗೆ ಎಸೆಯಬೇಕು. ‘ಅವನ ಹತ್ತಿರ ಯಾರೂ ಹೋಗಬೇಡಿ’ ಎಂಬ ನಿಯಮ ಮಾತ್ರ ಮಾಡಬೇಡಿ. ಎದುರಾಳಿಯೇ ಇಲ್ಲದ ಆಟ ಅವನಿಗೂ ಬೇಸರ, ಉಳಿದವರಿಗೂ ಬೇಸರ.

ಅಂಗಳಕ್ಕಿಳಿಯುವ ಮೊದಲು ಎರಡು ನಿಮಿಷ ಕುರ್ಚಿ ನೋಡಿ. ಎರಡೂ ಟೈರಿನಲ್ಲಿ ಗಾಳಿ ಸಮನಾಗಿರಬೇಕು. ಒಂದರಲ್ಲಿ ಕಡಿಮೆಯಾದರೆ ಕುರ್ಚಿ ಆ ಕಡೆಗೇ ಎಳೆಯುತ್ತದೆ, ಅದನ್ನು ನೇರ ಮಾಡುತ್ತಲೇ ಒಂದು ಭುಜ ಸೋಲುತ್ತದೆ. ಮುಂದಿನ ಸಣ್ಣ ಚಕ್ರಗಳ ಅಕ್ಷಕ್ಕೆ ಕೂದಲು, ದಾರ ಸುತ್ತಿಕೊಂಡಿದ್ದರೆ ತೆಗೆಯಿರಿ. ಓಡುತ್ತಿದ್ದಾಗ ಚಕ್ರ ಥಟ್ಟನೆ ಕಚ್ಚಿಕೊಂಡರೆ ಹುಡುಗ ಮುಗ್ಗರಿಸುತ್ತಾನೆ. ಸೊಂಟದ ಬೆಲ್ಟ್, ಪಾದದ ಪಟ್ಟಿ, ಹಿಂದಕ್ಕೆ ಮಗುಚದಂತೆ ತಡೆಯುವ ಪುಟ್ಟ ಗಾಲಿ ಇವನ್ನೂ ನೋಡಿ. ಪಾದದ ಹಲಗೆಯ ಅಂಚಿಗೆ ಫೋಮ್ ಸುತ್ತಿ. ಬೇರೆ ಮಕ್ಕಳ ಕಾಲಿನ ಗಿಣ್ಣಿಗೆ ಏಟು ಬೀಳುವುದು ಅಲ್ಲಿಂದಲೇ.

ಕಾಲು, ಪೃಷ್ಠದಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ ಒತ್ತುಹುಣ್ಣಿನ ಭಯವಿದೆ. 15–20 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಲು, ಆಗದಿದ್ದರೆ ಮುಂದಕ್ಕೆ ಬಾಗಲು ನೆನಪಿಸಿ. ನೆಲದಲ್ಲಿ ಕೂತು ಆಡುವ ವಾಲಿಬಾಲ್ ಒಳ್ಳೆಯ ಆಟ. 10×6 ಮೀಟರ್ ಅಂಗಳ, ಬಲೆ ಪುರುಷರಿಗೆ 1.15, ಮಹಿಳೆಯರಿಗೆ 1.05 ಮೀಟರ್. ಆದರೆ ಅದರಲ್ಲಿ ಜರುಗುತ್ತಲೇ ಇರಬೇಕು. ನೋವೇ ತಿಳಿಯದ ಚರ್ಮ ಒರಟು ನೆಲಕ್ಕೆ ಉಜ್ಜಿ ಕಿತ್ತುಬಂದರೂ ಅವನಿಗೆ ಗೊತ್ತಾಗುವುದಿಲ್ಲ. ದಪ್ಪ ಚಾಪೆ, ಉದ್ದ ಪ್ಯಾಂಟ್ ಇಲ್ಲದೆ ಇಳಿಸಬೇಡಿ. ತಲೆಯಲ್ಲಿ ಶಂಟ್ (ಮಿದುಳಿನ ಹೆಚ್ಚುವರಿ ದ್ರವ ಹೊರಹರಿಸುವ ಕೊಳವೆ) ಇದೆಯೇ ಎಂದು ಪೋಷಕರನ್ನು ಕೇಳಿ. ಇದ್ದರೆ ತಲೆಗೆ ಏಟು ಬೀಳುವ ಆಟ ಬೇಡ. ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಮಗಳಿಗೆ 10 ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಯ ಹಿಡಿತ ತಪ್ಪುವ ಸ್ಥಿತಿ) ಇದೆ. ಚೆಂಡು ಬರುತ್ತಿದ್ದಂತೆ ಮೈಯೆಲ್ಲ ಸೆಟೆಯುತ್ತದೆ. ಹಿಡಿದರೂ ಬಿಡಲು ಆಗುವುದಿಲ್ಲ. ‘ಪ್ರಯತ್ನವನ್ನೇ ಪಡುವುದಿಲ್ಲ’ ಎಂದು ಶಾಲೆಯಲ್ಲಿ ದೂರುತ್ತಾರೆ.
– ತಾಯಿ

ಉತ್ತರ: ಅಮ್ಮಾ, ನಿಮ್ಮ ಮಗಳು ಬೇಕಾದ್ದಕ್ಕಿಂತ ಹೆಚ್ಚೇ ಪ್ರಯತ್ನ ಪಡುತ್ತಿದ್ದಾಳೆ. ಸ್ನಾಯು ಬಿಗಿತವಿರುವ ಮಕ್ಕಳಲ್ಲಿ ಅವಸರ, ಗಾಬರಿ, ಅತಿಯಾದ ಪ್ರಯತ್ನ ಮೂರೂ ಸೆಟೆತವನ್ನು ಹೆಚ್ಚಿಸುತ್ತವೆ. ಆದ್ದರಿಂದ ಚೆಂಡಿಗಿಂತ ಮೊದಲು ಕೂರುವ ಭಂಗಿ ಸರಿಯಾಗಲಿ: ಸೊಂಟ, ಮಂಡಿ ಎರಡೂ 90 ಡಿಗ್ರಿ, ಪಾದ ಪೂರ್ತಿ ಊರಿರಬೇಕು. ಕಾಲು ತೂಗಾಡುತ್ತಿದ್ದರೆ ಕೈ ಸ್ಥಿರವಾಗದು. ಹಿಂದಿನಿಂದ ಕೂಗುವುದು, ಹತ್ತಿರದಲ್ಲಿ ಸೀಟಿ ಊದುವುದು ಬೇಡ. ಹೆಸರು ಕರೆದು, ಅವಳು ನೋಡಿದ ಮೇಲೆ ಚೆಂಡು ಕಳಿಸಿ.

ಮೊದಲು ಮೇಜಿನ ಮೇಲೆ ಒಂದು ಮೀಟರ್ ದೂರದಿಂದ ಉರುಳಿಸಿ. ಆಮೇಲೆ ನೆಲದ ಮೇಲೆ, ಅದು ಒಗ್ಗಿದ ಮೇಲೆ ಒಂದು ಪುಟಿತದಲ್ಲಿ, ಎಸೆತ ಕೊನೆಗೆ. ಗಾಳಿ ಸ್ವಲ್ಪ ಇಳಿಸಿದ ಚೆಂಡು ಹಿಡಿತಕ್ಕೆ ಸುಲಭ. ಬಿಡಿಸುವಾಗ ಬೆರಳನ್ನು ಎಳೆಯಬೇಡಿ, ಎಳೆದಷ್ಟೂ ಮುಷ್ಟಿ ಬಿಗಿಯುತ್ತದೆ. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಾಗಿಸಿ, ಬೆರಳು ತಾನಾಗಿ ಸಡಿಲವಾಗುತ್ತವೆ.

ಅವಳಿಗೆ ಬೊಚ್ಚಾ ಕಲಿಸಿ ಎಂದು ಒತ್ತಿ ಹೇಳುತ್ತೇವೆ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಆಟ. ಆರು ಕೆಂಪು, ಆರು ನೀಲಿ ಚೆಂಡು, ಗುರಿಗೆ ಒಂದು ಬಿಳಿ ಚೆಂಡು. ಬಿಳಿಗೆ ಹತ್ತಿರ ನಿಲ್ಲಿಸಿದವರಿಗೆ ಅಂಕ. ಚೆಂಡು ಸುಮಾರು 275 ಗ್ರಾಂ. ಎಸೆಯಲು ಆಗದವರು ಇಳಿಜಾರು ದೋಣಿಯಿಂದ (ಚೆಂಡು ಜಾರಿಬಿಡುವ ಓರೆ ಕಾಲುವೆಯಂಥ ಸಾಧನ) ಉರುಳಿಸುತ್ತಾರೆ. 110 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿದರೆ ಅಭ್ಯಾಸಕ್ಕೆ ದೋಣಿ ಸಿದ್ಧ. ಸೀಳಿದ ಅಂಚನ್ನು ಉಜ್ಜಿ ನುಣುಪು ಮಾಡಿ. ಎತ್ತರದಿಂದ ಬಿಟ್ಟರೆ ದೂರ, ಕೆಳಗಿನಿಂದ ಬಿಟ್ಟರೆ ಹತ್ತಿರ. ಎಲ್ಲಿಂದ ಬಿಡಬೇಕು, ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ಅವಳೇ ಹೇಳಲಿ. ಸ್ಪರ್ಧೆಯಲ್ಲಿ ದೋಣಿ ಹಿಡಿಯುವ ಸಹಾಯಕರು ಅಂಗಳಕ್ಕೆ ಬೆನ್ನು ಮಾಡಿ ಕೂರಬೇಕೆಂಬ ನಿಯಮ ಇರುವುದು ಇದಕ್ಕೇ. ನೀವೂ ಹಾಗೇ ಕೂತುಕೊಳ್ಳಿ.

ಪ್ರಶ್ನೆ: ಪೂರ್ತಿ ಕುರುಡಿರುವ ವಿದ್ಯಾರ್ಥಿನಿಯನ್ನು ಓಡಿಸುವುದು ಹೇಗೆ? ಚೆಂಡಾಟ ಸಾಧ್ಯವೇ?
– ಶಿಕ್ಷಕಿ

ಉತ್ತರ: ಎರಡೂ ಸಾಧ್ಯ. ಓಟಕ್ಕೆ ಜೊತೆಗಾರ್ತಿ ಬೇಕು, ಅವಳ ವೇಗ ಇವಳಿಗಿಂತ ಹೆಚ್ಚಿರಬೇಕು. ಸಮ ವೇಗದವರು ಸುಸ್ತಾದ ಕೂಡಲೇ ದಾರಿ ಹೇಳುವುದನ್ನು ಮರೆಯುತ್ತಾರೆ. ಸುಮಾರು 30 ಸೆಂ.ಮೀ. ದಾರದ ಎರಡು ತುದಿಗೂ ಕುಣಿಕೆ ಹಾಕಿ ಇಬ್ಬರೂ ಹಿಡಿಯಲಿ. ಅಕ್ಕಪಕ್ಕದ ಕೈಗಳು ಒಟ್ಟಿಗೆ ಮುಂದೆ ಹಿಂದೆ ಬೀಸುವಂತೆ ಮೊದಲು ನಡೆದು ರೂಢಿ ಮಾಡಿಸಿ. ಜೊತೆಗಾರ್ತಿ ಮುಂದೆ ಎಳೆಯಬಾರದು. ‘ಅಲ್ಲಿ’, ‘ಇಲ್ಲಿ’ ಎಂದರೆ ಉಪಯೋಗವಿಲ್ಲ, ‘ಐದು ಹೆಜ್ಜೆಗೆ ಎಡ ತಿರುವು’ ಎನ್ನಬೇಕು.

ಚೆಂಡಿಗೆ ಗೋಲ್‌ಬಾಲ್ ಇದೆ. ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರ ಪುನಶ್ಚೇತನಕ್ಕೆಂದು 1946ರಲ್ಲಿ ರೂಪುಗೊಂಡ ಆಟ. ತಂಡಕ್ಕೆ ಮೂವರು, 18×9 ಮೀಟರ್ ಅಂಗಳ, ಒಳಗೆ ಗೆಜ್ಜೆಯಿರುವ 1.25 ಕೆ.ಜಿ. ಚೆಂಡು. ಎಲ್ಲರಿಗೂ ಕಣ್ಣುಪಟ್ಟಿ, ಹಾಗಾಗಿ ಕಣ್ಣು ಕಾಣುವ ಸಹಪಾಠಿಗಳೂ ಅಭ್ಯಾಸಕ್ಕೆ ಸೇರಬಹುದು. ಗೆರೆಯನ್ನು ಬೆರಳಿನಲ್ಲಿ ಗುರುತಿಸಲು ನೆಲದ ಮೇಲೆ ದಾರ ಎಳೆದು, ಮೇಲೆ ಟೇಪ್ ಅಂಟಿಸಿ. ಮಕ್ಕಳಿಗೆ ಹಗುರ ಚೆಂಡನ್ನು ಸದ್ದು ಮಾಡುವ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೊಟ್ಟರೂ ನಡೆಯುತ್ತದೆ. ಚೆಂಡು ಉರುಳುವಾಗ ಪ್ರೇಕ್ಷಕರು ಬಾಯಿ ಬಿಡಬಾರದು. ಆಟ ಕೆಡುವುದು ಹೆಚ್ಚಾಗಿ ಇಲ್ಲೇ.

ಅಲ್ಪಸ್ವಲ್ಪ ದೃಷ್ಟಿ ಉಳಿದಿರುವ ಮಗುವಾದರೆ ರೆಟಿನಾ (ಕಣ್ಣಿನ ಒಳಪರದೆ) ಸ್ಥಿತಿಯ ಬಗ್ಗೆ ಕಣ್ಣಿನ ವೈದ್ಯರನ್ನು ಕೇಳಿ. ರೆಟಿನಾ ಕಳಚುವ ಅಪಾಯವಿದ್ದರೆ ಡೈವಿಂಗ್, ತಲೆಗೆ ಏಟು ಬೀಳುವ ಆಟ ಬೇಡ.

ಪ್ರಶ್ನೆ: ಡೌನ್ ಸಿಂಡ್ರೋಮ್ ಇರುವ ಮಗನಿಗೆ ವಾರ್ಷಿಕೋತ್ಸವಕ್ಕೆ ಲಾಗ ಹಾಕಿಸುತ್ತಿದ್ದಾರೆ. ಪರವಾಗಿಲ್ಲವೇ?
– ತಂದೆ

ಉತ್ತರ: ಈಗಲೇ ನಿಲ್ಲಿಸಿ. ಈ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಕತ್ತು ಜೋರಾಗಿ ಬಾಗಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ವೈದ್ಯರು ಪರೀಕ್ಷಿಸಿ ಒಪ್ಪುವವರೆಗೆ ಲಾಗ, ಡೈವಿಂಗ್, ತಲೆಯಿಂದ ಚೆಂಡು ಹೊಡೆಯುವುದು ಬೇಡ. ಎಕ್ಸ್‌ರೇ ಸರಿಯಿದೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಕತ್ತು ನೋವು, ತಲೆ ಒಂದೇ ಕಡೆ ವಾಲುವುದು, ನಡಿಗೆ ಬದಲಾಗುವುದು, ಕೈ ಬಲ ಕುಗ್ಗುವುದು, ಹೊಸದಾಗಿ ಮೂತ್ರ ಹತೋಟಿ ತಪ್ಪುವುದು ಕಂಡರೆ ಅದೇ ದಿನ ತೋರಿಸಿ. ಕುಣಿತಕ್ಕೆ ಅಡ್ಡಿಯಿಲ್ಲ.

ಪ್ರಶ್ನೆ: ‘ವ್ಯಾಯಾಮದಿಂದ ವಿನಾಯಿತಿ ಕೊಡಿ’ ಎಂಬ ವೈದ್ಯರ ಚೀಟಿ ತಂದವರಿಗೆ ಏನು ಮಾಡಿಸುವುದು, ಅಂಕ ಹೇಗೆ ಕೊಡುವುದು?
– ಮುಖ್ಯ ಶಿಕ್ಷಕರು

ಉತ್ತರ: ಚೀಟಿಯಲ್ಲಿ ಬರೆದಂತೆ ನಡೆಯಿರಿ, ಆದರೆ ಅಷ್ಟಕ್ಕೇ ಬಿಡಬೇಡಿ. ಪೋಷಕರ ಮೂಲಕ ವೈದ್ಯರಿಗೆ ಒಂದು ಹಾಳೆ ಕಳಿಸಿ: ಯಾವ ಚಲನೆ ಬೇಡ, ಯಾವುದು ಆಗಬಹುದು, ಎಷ್ಟು ಹೊತ್ತು, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು, ವಿನಾಯಿತಿ ಯಾವ ತಾರೀಖಿನವರೆಗೆ. ಹೀಗೆ ಕೇಳಿದಾಗ ಪೂರ್ತಿ ನಿಷೇಧ ಎಂದಿದ್ದದ್ದು ಎಷ್ಟೋ ಸಲ ಒಂದೆರಡು ಚಲನೆಗಳ ನಿಷೇಧವಾಗಿ ಉಳಿಯುತ್ತದೆ.

ಅಂಕಕ್ಕೆ 100 ಮೀಟರ್ ಓಟದ ಪಟ್ಟಿ ಹಿಡಿಯಬೇಡಿ. ವರ್ಷದ ಮೊದಲ ವಾರ ಮಗು ಏನು ಮಾಡುತ್ತದೆ ಎಂದು ಅಳೆದು ಬರೆದಿಟ್ಟುಕೊಂಡು ಅಲ್ಲಿಂದ ಗುರಿ ಹಾಕಿ. ‘ಚೆಂಡಾಟದಲ್ಲಿ ಸುಧಾರಣೆ’ ಎಂದು ಬರೆದರೆ ಅಳೆಯಲಾಗದು. ‘3 ಮೀಟರ್‌ನಿಂದ ಉರುಳಿಸಿದ ಚೆಂಡನ್ನು 10ರಲ್ಲಿ 7 ಸಲ ಎರಡೂ ಕೈಯಿಂದ ತಡೆಯುವುದು’ ಎಂದು ಬರೆಯಿರಿ. ಪಕ್ಕದಲ್ಲಿ ಸಹಾಯದ ಮಟ್ಟವೂ ಇರಲಿ: ಕೈಹಿಡಿದು ಮಾಡಿಸಿದ್ದು, ತೋರಿಸಿಕೊಟ್ಟಿದ್ದು, ಬಾಯಲ್ಲಿ ಹೇಳಿದ್ದು, ತಾನೇ ಮಾಡಿದ್ದು. ಜೂನ್‌ನಲ್ಲೂ 7, ನವೆಂಬರ್‌ನಲ್ಲೂ 7 ಇದ್ದು, ಕೈಹಿಡಿಯುವುದು ಹೋಗಿ ಬರೀ ಮಾತಿಗೆ ಬಂದಿದ್ದರೆ ಅದಕ್ಕೂ ಅಂಕ ಕೊಡಿ.